ಬ್ಯಾಟರಿ ಸೈಕಲ್ಲಿನಲ್ಲಿ ಬೆಟ್ಟ ಹತ್ತಿದ್ದು

ನನ್ನ ಗಂಡ ಐವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಹತ್ತಿದರು. ಅವತ್ತು ಹತ್ತಿದವರು ಇನ್ನೂ ಇಳಿದಿಲ್ಲ. ದೇಹ ವಿದ್ಯಾರಣ್ಯಪುರದ ಮನೆಯಲ್ಲೇ ಇರುತ್ತದೆ, ಉಪ್ಪಿಟ್ಟು ತಿನ್ನುತ್ತದೆ, ಕಾಲೇಜಿಗೆ ಹೋಗಿ ಭೌತಶಾಸ್ತ್ರದ ಪಾಠ ಹೇಳಿ ಬರುತ್ತದೆ. ಮಾತು ಮಾತ್ರ ಬೆಟ್ಟದ ಮೇಲಿಂದಲೇ ಬರುತ್ತದೆ. ಮನೆಗೆ ಬಂದ ನೆಂಟರನ್ನು ತಾರಸಿಗೆ ಹತ್ತಿಸಿ, ಸೈಟು ತೋರಿಸುವವರ ಹಾಗೆ ಕೈ ಚಾಚಿ, ಯಾವ ತಿರುವಿನಲ್ಲಿ ಎಷ್ಟು ಏರು ಎಂದು ವಿವರಿಸುತ್ತಾರೆ. ನೆಂಟರು ಕಾಫಿ ಆರುತ್ತದೆ ಎಂದು ಕೆಳಗಿಳಿಯಬೇಕು.

ಅವರದೊಂದು ಗುಂಪಿದೆ. ಏಳು ಜನ, ಎಲ್ಲರೂ ಐವತ್ತು ದಾಟಿದ ಗಂಡಸರು. ನಾಯಕರು ಒಬ್ಬ ದಂತವೈದ್ಯರು. ಪ್ರತಿ ಭಾನುವಾರ ಬೆಳಗ್ಗೆ ಮೈಗೆ ಅಂಟಿಕೊಳ್ಳುವ ಹಳದಿ ಅಂಗಿ, ಹಿಂಭಾಗಕ್ಕೆ ಮೆತ್ತೆ ಹೊಲಿದ ಚಡ್ಡಿ ಹಾಕಿಕೊಂಡು ಬೆಟ್ಟ ಹತ್ತುತ್ತಾರೆ. ದೇವಸ್ಥಾನದ ಹತ್ತಿರದವರೆಗೆ ಹೋದರೂ ಒಳಗೆ ಹೋಗುವುದಿಲ್ಲ. ಆ ಚಡ್ಡಿಯಲ್ಲಿ ಅಮ್ಮನವರ ಮುಂದೆ ನಿಲ್ಲುವ ಧೈರ್ಯ ಯಾರಿಗೂ ಇಲ್ಲ. ಮಹಿಷಾಸುರನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ, ಕೆಳಗೆ ಬಂದು ತಲಾ ಎರಡು ಬೆಣ್ಣೆ ಮಸಾಲೆ ತಿನ್ನುತ್ತಾರೆ. ಮನೆಗೆ ಬಂದ ಮೇಲೆ ನಾನು ಎಷ್ಟನೆಯವರಾದಿರಿ ಎಂದು ಕೇಳಬೇಕು. ಇವರು "ಎರಡನೆಯವನು" ಎನ್ನಬೇಕು. ಮೂರು ವರ್ಷ ಇದೇ ಪ್ರಶ್ನೆ, ಇದೇ ಉತ್ತರ.

ನಾನು ರಾಜೀವನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಎಡಮಂಡಿ ನೋಯಲು ಶುರುವಾಗಿ ಮೂಳೆ ಡಾಕ್ಟರ ಹತ್ತಿರ ಹೋದಾಗ ಅವರು, ಸ್ಕೂಟರ್ ಬಿಟ್ಟು ಸೈಕಲ್ ತುಳಿಯಿರಿ, ಆದರೆ ಏರಿನಲ್ಲಿ ಮಂಡಿಗೆ ಭಾರ ಬೀಳಬಾರದು ಎಂದರು. ಹಾಗಾಗಿ ಬ್ಯಾಟರಿ ಸೈಕಲ್ ತಂದೆ. ಅದು ಸುಮ್ಮನೆ ಕೂತರೆ ಹೋಗುವ ಗಾಡಿಯಲ್ಲ. ನಾವು ತುಳಿಯಲೇಬೇಕು. ತುಳಿದರೆ ಒಳಗಿನ ಮೋಟಾರು ಹಿಂದಿನಿಂದ ಕೈ ಹಾಕಿ ನೂಕುತ್ತದೆ. ಎಷ್ಟು ನೂಕಬೇಕು ಎನ್ನುವುದಕ್ಕೆ ಹ್ಯಾಂಡಲಿನಲ್ಲಿ ಮೂರು ಅಂಕಿಗಳಿವೆ.

ಭಾನುವಾರ ಮನೆಗೆ ಬಂದ ಗುಂಪು ಅದರ ಸುತ್ತ, ಸತ್ತವರನ್ನು ನೋಡಲು ಬಂದವರ ಹಾಗೆ ಕೈ ಕಟ್ಟಿಕೊಂಡು ನಿಂತಿತು.

"ಇದು ಸೈಕಲ್ ಅಲ್ಲ ಮೇಡಂ," ಎಂದರು ದಂತವೈದ್ಯರು. "ಕಟ್ಟಿಸಿಕೊಂಡ ಹಲ್ಲಿದ್ದ ಹಾಗೆ. ಅಗಿಯಬಹುದು, ಸ್ವಂತದ್ದಲ್ಲ."

ಅವರ ಮನೆ, ಕಾರು, ಹೊರದೇಶದಿಂದ ತರಿಸಿದ ಸೈಕಲ್ಲು ಎಲ್ಲವೂ ಹಲ್ಲು ಕಟ್ಟಿದ ಸಂಪಾದನೆ. ಆ ಹಲ್ಲುಗಳ ಬಗ್ಗೆ ಅವರಿಗೆ ಇಂಥ ಅಭಿಪ್ರಾಯ ಇದೆಯೆಂದು ಅವರ ರೋಗಿಗಳಿಗೆ ಗೊತ್ತಿರಲಾರದು. ನನ್ನ ಗಂಡ ಹೆಂಡತಿಯ ಪರ ಮಾತಾಡುತ್ತಾರೇನೋ ಎಂದು ನೋಡಿದೆ. ಅವರು, "ಶಾಲೆಗೆ ಹೋಗಿಬರೋದಕ್ಕೆ ಅಷ್ಟೇ ಡಾಕ್ಟ್ರೇ. ಬೆಟ್ಟಕ್ಕಲ್ಲ," ಎಂದು ನನ್ನ ಪರವಾಗಿ ಕ್ಷಮೆ ಕೇಳಿದರು.

ಆ ಮಾತಿಗೇ ನಾನು ಬೆಟ್ಟಕ್ಕೆ ಹೋದೆ.

ಮುಂದಿನ ಭಾನುವಾರ ಅವರು ಹೊರಟ ಅರ್ಧ ಗಂಟೆಗೆ ಚೂಡಿದಾರಿನ ಮೇಲೆ ಹಳೆಯ ಸ್ವೆಟರ್ ಹಾಕಿಕೊಂಡು ಹೊರಟೆ. ಯಾರಿಗೂ ಹೇಳಲಿಲ್ಲ. ಬೆಟ್ಟದ ಬುಡದಲ್ಲಿ ಅಂಕಿ ಎರಡಕ್ಕೆ ಇಟ್ಟೆ. ಮೊದಲ ತಿರುವು ದಾಟಿದ ಮೇಲೆ ನನಗೇ ನಗು ಬಂತು. ಕಾಲು ತುಳಿಯುತ್ತಿತ್ತು, ಬೆವರೂ ಬರುತ್ತಿತ್ತು, ಆದರೆ ಮಂಡಿ ಒಂದು ಮಾತೂ ಆಡಲಿಲ್ಲ. ಕೆಳಗೆ ಊರು ಮಂಜಿನೊಳಗೆ ಇನ್ನೂ ಎದ್ದಿರಲಿಲ್ಲ. ಐವತ್ನಾಲ್ಕು ವರ್ಷ ಈ ಬೆಟ್ಟದ ನೆರಳಲ್ಲೇ ಇದ್ದು, ಬಸ್ಸಿನ ಕಿಟಕಿಯಿಂದಲ್ಲದೆ ಈ ರಸ್ತೆಯನ್ನು ನೋಡಿಯೇ ಇರಲಿಲ್ಲ.

ಅರ್ಧ ದಾರಿಯಲ್ಲಿ ಹಳದಿ ಅಂಗಿಯೊಂದು ಸಿಕ್ಕಿತು. ಗುಂಪಿನ ಹಿರಿಯರು, ನೀರಾವರಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರು. ಎಪ್ಪತ್ತು ದಾಟಿದೆ. ಎತ್ತಿನ ಗಾಡಿಯ ವೇಗದಲ್ಲಿ, ನಿಲ್ಲದೆ ತುಳಿಯುತ್ತಿದ್ದರು.

"ಹೋಗವ್ವ, ಹೋಗು," ಎಂದರು. "ನಿನ್ ಯಜಮಾನ್ರು ಮುಂದೆ ಅವ್ರೆ. ಬಾಳ ಮುಂದೇನಿಲ್ಲ."

ನಂದಿಗೆ ಹೋಗುವ ದಾರಿ ಒಡೆಯುವ ಕಡೆ ನನ್ನ ಯಜಮಾನರು ಕಟ್ಟೆಯ ಮೇಲೆ ಕೂತಿದ್ದರು. ಒಂದು ಕಾಲಿನ ಬೂಟು ಬಿಚ್ಚಿತ್ತು. ಕೈಯಲ್ಲಿ ಉಪ್ಪುಖಾರ ಹಚ್ಚಿದ ಸೌತೆಕಾಯಿ.

"ಯಾಕ್ರೀ ಇಲ್ಲಿ ಕೂತಿದ್ದೀರಿ?"

"ಮೀನಖಂಡ ಹಿಡ್ಕೊಂಡ್ಬಿಡ್ತು ಕಣೇ, ಇವತ್ತೊಂದಿನ."

ಸೌತೆಕಾಯಿ ಮಾರುವ ಹೆಂಗಸು ತಲೆ ಎತ್ತದೆ ಹೇಳಿದಳು. "ಇವತ್ತೊಂದಿನ ಎಲ್ ಬಂತು ಸಾರ್. ವಾರ ವಾರಾನೂ ಇಲ್ಲೇ ಕುಂತ್ಕತೀರಲ್ಲ."

ನಾನು ಗಂಡನ ಮುಖ ನೋಡಿದೆ. ಅವರು ದೂರದ ಲಲಿತಮಹಲನ್ನು ನೋಡುತ್ತಿದ್ದರು.

"ಎರಡನೆಯವನು ಅಂತಿದ್ರಿ."

"ಹೌದು. ಹಿಂದಿನಿಂದ."

ಬೈಯಬೇಕು ಅನ್ನಿಸಲಿಲ್ಲ, ಪಾಪ ಅನ್ನಿಸಿತು. ಆ ಪಾಪವೇ ನನ್ನನ್ನು ಕೆಡಿಸಿದ್ದು. ಕಾಲು ಸೆಳೆಯುತ್ತಿದೆ, ಹತ್ತು ಹೆಜ್ಜೆ ನಿನ್ನ ಸೈಕಲ್ ತುಳಿದು ನೋಡುತ್ತೇನೆ ಎಂದರು. ಕೊಟ್ಟೆ. ಹತ್ತು ಹೆಜ್ಜೆಯಲ್ಲಿ ಅಂಕಿ ಮೂರಕ್ಕೆ ಹೋಯಿತು, ಇಪ್ಪತ್ತು ಹೆಜ್ಜೆಯಲ್ಲಿ ತಿರುವಿನ ಆಚೆ ಮಾಯವಾದರು. ನಾನು ಅವರ ಸೈಕಲ್ ಹಿಡಿದುಕೊಂಡು ನಿಂತೆ. ಅದರ ಸೀಟು ನನ್ನ ಎದೆಯ ಮಟ್ಟಕ್ಕಿತ್ತು.

ಉಳಿದ ದಾರಿಯುದ್ದಕ್ಕೂ ತಳ್ಳಿಕೊಂಡು ಹೋದೆ. ಮಂಡಿ ಮಾತಾಡತೊಡಗಿತು. ಹಿಂದಿನಿಂದ ಬಂದ ಇಂಜಿನಿಯರು ನನ್ನನ್ನು ನೋಡಿದರು, ನಾನು ತಳ್ಳುತ್ತಿದ್ದ ಸೈಕಲ್ಲನ್ನು ನೋಡಿದರು, ಏನೂ ಕೇಳದೆ ಮುಂದೆ ಹೋದರು. ಮೇಲೆ ತಲುಪಿದಾಗ ನನ್ನ ಸೈಕಲ್ಲು ಬಸ್ಸುಗಳ ಹಿಂದೆ ಮರೆಯಾಗಿ ನಿಂತಿತ್ತು. ಇವರದನ್ನೂ ಅದರ ಪಕ್ಕ ನಿಲ್ಲಿಸಿದೆ. ಇವರು ಮಹಿಷಾಸುರನ ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದರು.

ಅಸಲಿ ಅನಾಹುತ ಸಂಜೆ ಆಯಿತು. ಯಾರು ಎಷ್ಟು ಹೊತ್ತಿನಲ್ಲಿ ಹತ್ತಿದರು ಎಂದು ಲೆಕ್ಕವಿಡುವ ಆ್ಯಪ್ ಎಲ್ಲರ ಮೊಬೈಲಿನಲ್ಲೂ ಇದೆ. ಇವರ ಮೊಬೈಲು ಇವರ ಜೇಬಿನಲ್ಲೇ ಕೂತು ಬೆಟ್ಟ ಹತ್ತಿತ್ತು. ನಂದಿ ದಾರಿಯಿಂದ ತುದಿಯವರೆಗಿನ ಏರಿನಲ್ಲಿ ದಂತವೈದ್ಯರ ಎರಡು ವರ್ಷದ ದಾಖಲೆ ಮುರಿದುಬಿದ್ದಿತ್ತು. ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಗಳು ಉದುರಿದವು. ಇವರು ಕೈಮುಗಿದ ಚಿತ್ರ ಕಳಿಸಿದರು.

"ನಿಜ ಬರೀರಿ," ಎಂದೆ.

"ನಾನೇನೂ ಹೇಳ್ಲೇ ಇಲ್ಲವಲ್ಲ. ಅದಾಗೇ ಬಂದದ್ದು."

ಮೈಸೂರಿನಲ್ಲಿ ಸಾಧನೆ ಅಂತ ಒಂದಾದರೆ ಅದರ ತಲೆಗೆ ಪೇಟ ಕಟ್ಟುವವರೆಗೆ ಜನಕ್ಕೆ ನಿದ್ದೆ ಬರುವುದಿಲ್ಲ. ಮುಂದಿನ ಭಾನುವಾರ ದೋಸೆ ಹೋಟೆಲಿನ ಒಳಕೋಣೆಯಲ್ಲಿ ಸನ್ಮಾನ ಎಂದಾಯಿತು. ನನಗೂ ಕರೆ ಬಂತು. ಹೊರಡುವ ಮುಂಚೆ, ನೀವೇ ಹೇಳುತ್ತೀರೋ ನಾನು ಹೇಳಲೋ ಎಂದು ಕೇಳಿದೆ. "ಹೇಳ್ತೀನಿ ಬಿಡೇ, ಅದೇನು ದೊಡ್ಡ ವಿಷಯ," ಎಂದರು.

ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ದಾಖಲೆ ಕಳೆದುಕೊಂಡ ದಂತವೈದ್ಯರು ತಮ್ಮ ಸ್ವಂತ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕರು. ಇವರು ಎದ್ದುನಿಂತು ಹದಿನೈದು ನಿಮಿಷ ಮಾತಾಡಿದರು. ಛಲದ ಬಗ್ಗೆ, ಉಸಿರಾಟದ ಬಗ್ಗೆ, ಯುವಕರ ಸೋಮಾರಿತನದ ಬಗ್ಗೆ. ಕೊನೆಯಲ್ಲಿ ಕಣ್ಣು ಮುಚ್ಚಿಕೊಂಡು, "ಮನಸ್ಸೇ ಮೋಟಾರು," ಎಂದರು.

ಅದಾದ ಮೇಲೆ, ಶ್ರೀಮತಿಯವರೂ ಎರಡು ಮಾತು ಆಡಬೇಕು ಎಂದು ಒತ್ತಾಯ ಬಂತು.

ನಾನು ಎದ್ದೆ. "ಅವತ್ತು ಇವರು ಹತ್ತಿದ್ದು ನನ್ನ ಬ್ಯಾಟರಿ ಸೈಕಲ್ಲಿನಲ್ಲಿ. ಇವರ ಸೈಕಲ್ಲನ್ನ ನಾನು ತಳ್ಳಿಕೊಂಡು ಬಂದೆ. ಮೋಟಾರು ಮನಸ್ಸಿನಲ್ಲಿರಲಿಲ್ಲ, ಹಿಂದಿನ ಚಕ್ರದಲ್ಲಿತ್ತು," ಎಂದು ಹೇಳಿ ಕೂತೆ.

ಸಪ್ಲೈಯರು ಚಟ್ನಿಯ ಬಕೆಟ್ಟು ಹಿಡಿದುಕೊಂಡು ಬಾಗಿಲಲ್ಲೇ ನಿಂತ. ನನ್ನ ಗಂಡ ಪೇಟವನ್ನು ತೆಗೆಯಬೇಕೋ ಬೇಡವೋ ತಿಳಿಯದೆ ಒಂದು ಕೈಯಲ್ಲಿ ಅದನ್ನು ಮುಟ್ಟಿಕೊಂಡು ಕೂತಿದ್ದರು. ಆ ಮುಖ ನೋಡಿ ನನಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಮೂವತ್ತು ವರ್ಷ ಜೊತೆಯಲ್ಲಿ ಉಂಡವರನ್ನು ಆರು ಜನರ ಮುಂದೆ ಹಾಗೆ ಕೂರಿಸಬಾರದಿತ್ತು. ಮನೆಯಲ್ಲೇ ಇನ್ನೊಮ್ಮೆ ಜಗಳವಾಡಬಹುದಿತ್ತು.

ಮೊದಲು ಬಾಯಿ ಬಿಟ್ಟವರು ಇಂಜಿನಿಯರು. "ನಂಗೆ ಅವತ್ತೇ ಗೊತ್ತಿತ್ತು ಬುಡಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲವ್ವ, ಒಂದ್ ಸಲ ಚಾರ್ಜ್ ಮಾಡುದ್ರೆ ಎಷ್ಟು ದೂರ ಬತ್ತದೆ?"

ಹೇಳಿದೆ. ಪಕ್ಕದವರು, ಏರಿನಲ್ಲೂ ಅಷ್ಟೇ ಬರುತ್ತದೆಯೇ ಎಂದರು. ಇನ್ನೊಬ್ಬರು ಬ್ಯಾಟರಿ ಬಿಚ್ಚಿ ಮನೆಯೊಳಗೆ ತರಬಹುದೇ ಎಂದು ಕೇಳಿದರು. ದೋಸೆ ಬರುವಷ್ಟರಲ್ಲಿ ನಾಲ್ವರು ಹೊರಗೆ ನನ್ನ ಸೈಕಲ್ಲಿನ ಸುತ್ತ ಬಗ್ಗಿದ್ದರು. ದಂತವೈದ್ಯರು ದೂರದಲ್ಲಿ ನಿಂತು, ಮೋಟಾರು ಹೊರಗೆ ಕಾಣದಂಥ ಮಾದರಿಗಳೂ ಇವೆಯಂತಲ್ಲ ಎಂದು ಗಾಳಿಯನ್ನು ಕೇಳುವವರ ಹಾಗೆ ಕೇಳಿದರು. ಮೂರು ತಿಂಗಳಲ್ಲಿ ಅಂಥದೇ ಒಂದು ಅವರ ಮನೆಗೆ ಬಂತು. ಮಂಡಿಗೆ ಒಳ್ಳೆಯದಂತೆ, ಈಗ ಅವರೇ ರೋಗಿಗಳಿಗೆ ಹೇಳುತ್ತಾರಂತೆ.

ನನ್ನ ಗಂಡ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದರು, ಅಲ್ಲಿಗೆ ಸರಿಹೋಯಿತು. ಮೋಟಾರು ಮಾತ್ರ ಬೇಡ ಎಂದು ಹಟ ಹಿಡಿದು ಹಳೆಯ ಸೈಕಲ್ಲನ್ನೇ ತುಳಿಯುತ್ತಿದ್ದಾರೆ. ನಿಂತ ಕಡೆ ನಿಂತೆ ಎನ್ನುತ್ತಾರೆ, ತಳ್ಳಿದ ಕಡೆ ತಳ್ಳಿದೆ ಎನ್ನುತ್ತಾರೆ. ಈಗ ಭಾನುವಾರ ನನಗಿಂತ ಮೊದಲೇ ಹೊರಡುತ್ತಾರೆ. ಅರ್ಧ ಬೆಟ್ಟದಲ್ಲಿ ನಾನು ಅವರನ್ನು ಹಿಡಿಯುತ್ತೇನೆ. ದಾಟುವಾಗ ಅಂಕಿಯನ್ನು ಮೂರರಿಂದ ಒಂದಕ್ಕೆ ಇಳಿಸುತ್ತೇನೆ. ಅದು ಮರ್ಯಾದೆಗೆ ಎಂದು ಅವರು ತಿಳಿದುಕೊಂಡಿದ್ದಾರೆ. ನಿಧಾನವಾಗಿ ಹೋದರೆ ದಾಟುವುದು ಹೆಚ್ಚು ಹೊತ್ತು ಹಿಡಿಯುತ್ತದೆ ಎನ್ನುವ ಲೆಕ್ಕ ಭೌತಶಾಸ್ತ್ರದವರಿಗೆ ಇನ್ನೂ ಹೊಳೆದಿಲ್ಲ.