ಪಾತ್ರೆಯ ತಳದಲ್ಲೊಂದು ಶಾಸನ

ಮೊದಲು ಹನುಮಕ್ಕನ ಸಾಮ್ರಾಜ್ಯದ ಎಲ್ಲೆಗಳನ್ನು ಹೇಳಿಬಿಡುತ್ತೇನೆ. ಪೂರ್ವಕ್ಕೆ ಅರಸೀಕೆರೆ ರೈಲ್ವೆ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆ. ಪಶ್ಚಿಮಕ್ಕೆ ಮೋರಿ. ದಕ್ಷಿಣಕ್ಕೆ ಬೀಡಾ ಅಂಗಡಿಯ ಗೋಡೆ. ಉತ್ತರಕ್ಕೆ ಕೊಬ್ಬರಿ ತುಂಬುತ್ತಿದ್ದ ಒಂದು ಹಳೆಯ ಗೋಡೌನು. ಇಷ್ಟರ ನಡುವೆ ಆರಡಿ ಅಗಲ, ಒಂಬತ್ತಡಿ ಉದ್ದದ ಭೂಮಂಡಲ. ಆಕೆ ಮಧ್ಯೆ ನಿಂತು ಎರಡೂ ಕೈ ಚಾಚಿದರೆ ರಾಜ್ಯದ ಎರಡು ಗಡಿಗಳು ಬೆರಳಿಗೆ ಸಿಗುತ್ತಿದ್ದವು. ಯಾವ ಚಕ್ರವರ್ತಿಗೂ ತನ್ನ ನೆಲದ ಮೇಲೆ ಇಂಥ ಹಿಡಿತ ಇದ್ದಿರಲಾರದು.

ಸಿಂಹಾಸನ ಎಂದರೆ ಗೋಣಿಚೀಲ ಮಡಿಸಿ ಹಾಕಿದ ಮಣೆ. ಆಯುಧಗಳು ಮೂರು: ಒಂದು ಉಳಿ, ಒಂದು ಪುಟ್ಟ ಸುತ್ತಿಗೆ, ಪಾತ್ರೆ ಕವುಚಿ ಕೂರಿಸಲು ಒಂದು ಮರದ ಕೊರಡು. ಹಿಂದಿನ ಹಲಗೆಗಳ ಮೇಲೆ ಮಾರಾಟಕ್ಕೆ ಲೋಟ, ತಟ್ಟೆ, ಬೋಗುಣಿ, ಸೌಟು ಇದ್ದವು ನಿಜ. ಆದರೆ ಆಕೆಯ ಖ್ಯಾತಿ ಇದ್ದದ್ದು ಪಾತ್ರೆಗೆ ಹೆಸರು ಹೊಡೆಯುವುದರಲ್ಲಿ. ಚುಕ್ಕಿ ಪಕ್ಕ ಚುಕ್ಕಿ, ಟಿಕ್ ಟಿಕ್ ಟಿಕ್. ನಮ್ಮ ಕಡೆ ಹೆಸರಿಲ್ಲದ ಪಾತ್ರೆ ಮನೆಯಲ್ಲಿ ನಿಲ್ಲುವುದಿಲ್ಲ. ಸಾರು ತುಂಬಿಕೊಂಡು ಪಕ್ಕದ ಮನೆಗೆ ಹೋಗುತ್ತದೆ, ಅಲ್ಲಿಂದ ಪಾಯಸ ತುಂಬಿಕೊಂಡು ಇನ್ನೊಂದು ಮನೆಗೆ ಹೋಗುತ್ತದೆ. ಮದುವೆ ಬಂದರಂತೂ ಇಡೀ ಬೀದಿಯ ಬೋಗುಣಿಗಳು ಒಂದೇ ಒಲೆಯ ಮುಂದೆ ರಾಶಿ ಬೀಳುತ್ತವೆ. ವಾಪಸು ಬರುವಾಗ ಯಾರದು ಯಾರದೆಂದು ಹೇಳುವುದು ಆ ಚುಕ್ಕಿಗಳೇ.

ಈ ವಿದ್ಯೆ ಆಕೆಗೆ ಬಂದದ್ದು ಹಳೇಬೀಡಿನಲ್ಲಿ, ಪಾತ್ರೆಗಳಿಗೆ ಕಲಾಯಿ ಹಾಕಿ ಹೆಸರೂ ಹೊಡೆಯುತ್ತಿದ್ದ ತಂದೆ ಗಂಗಯ್ಯನಿಂದ. ಇನ್ನೊಂದು ವಿದ್ಯೆ ಬಂದದ್ದು ಸ್ಕೂಲಿನ ರಾಮಾನುಜ ಮೇಷ್ಟ್ರಿಂದ. ಮೇಷ್ಟ್ರು ಒಮ್ಮೆ ಮಕ್ಕಳನ್ನು ಒಂದು ಶಾಸನದ ಕಲ್ಲಿನ ಮುಂದೆ ಕೂರಿಸಿ ಓದಿ ಹೇಳಿದರು. ರಾಜ ಅಂಥವನು, ಇಂಥವನು, ಶತ್ರುಗಳೆಂಬ ಆನೆಗಳಿಗೆ ಸಿಂಹ ಎಂದು ಮುಕ್ಕಾಲು ಕಲ್ಲು ಹೊಗಳಿಕೆ. ಆಮೇಲೆ ಎರಡು ಸಾಲಿನಲ್ಲಿ, ದೇವರಿಗೆ ಒಂದಿಷ್ಟು ಗದ್ದೆ ಕೊಟ್ಟ ವಿಚಾರ. ಕೊನೆಗೆ, ಇದನ್ನು ಕಿತ್ತುಕೊಂಡವನು ಹಾಳಾಗಿ ಹೋಗಲಿ ಎಂಬ ಶಾಪ.

"ಒಂದು ಗದ್ದೆ ಕೊಟ್ಟಿದ್ದಕ್ಕೆ ಇಷ್ಟೊಂದು ಯಾಕೆ ಬರೆಸಿದ ಸಾ?" ಎಂದು ನಾಲ್ಕನೇ ಕ್ಲಾಸಿನ ಹನುಮಿ ಕೇಳಿದಳು.

"ಎಂಟುನೂರು ವರ್ಷ ಆದಮೇಲೆ ನೀನು ಬಂದು ಕೂತು ಕೇಳಲಿ ಅಂತ ಕಣೇ. ಕೇಳ್ತಿದೀಯೋ ಇಲ್ವೋ?"

ಹುಡುಗಿ ಮತ್ತೆ ಕಲ್ಲಿನ ಕಡೆ ತಿರುಗಿದಳು. ಮೇಷ್ಟ್ರ ಮಾತು ಮಾತ್ರ ಒಳಗೆ ಉಳಿಯಿತು.

ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ಕಾಳಯ್ಯನನ್ನು ಮದುವೆಯಾಗಿ ಅರಸೀಕೆರೆಗೆ ಬಂದಳು. ಈ ಅಂಗಡಿ ಹಾಕಿ ಹದಿನಾಲ್ಕು ವರ್ಷ ನಿಶ್ಚಿಂತೆಯಿಂದ ಆಳಿದಳು. 1998ರ ದಸರಾ ಹೊತ್ತಿಗೆ ಉತ್ತರದ ಗಡಿಯಲ್ಲಿ ಶತ್ರುವಿನ ಪತಾಕೆ ಎದ್ದಿತು. ಹಳೆಯ ಗೋಡೌನಿಗೆ ಗಾಜಿನ ಬಾಗಿಲು ಬಂತು, ಒಳಗೆ ಕಣ್ಣು ಕುಕ್ಕುವ ಟ್ಯೂಬ್‌ಲೈಟುಗಳು ಬಂದವು, ಮೇಲೆ ಬೋರ್ಡು ಬಂತು: ಚಕ್ರಾಧಿಪತಿ ಸ್ಟೀಲ್ ಪ್ಯಾಲೇಸ್. ಮಾಲೀಕ ತಿಮ್ಮಯ್ಯ ಸಫಾರಿ ಸೂಟಿನ ಮನುಷ್ಯ. ಅವನಲ್ಲಿ ಹೆಸರು ಬರೆಯುವ ಕರೆಂಟಿನ ಮಿಷನ್ನೂ ಇತ್ತು. ಐನೂರು ರೂಪಾಯಿಯ ಮೇಲೆ ಸಾಮಾನು ಕೊಂಡವರಿಗೆ ಹೆಸರು ಪುಕ್ಕಟೆ. ಎರಡು ತಿಂಗಳಲ್ಲಿ ಹನುಮಕ್ಕನ ಟಿಕ್ ಟಿಕ್ ದಿನಕ್ಕೆ ನಾಲ್ಕು ಸಲ ಕೇಳಿದರೆ ಹೆಚ್ಚು ಎಂಬಂತಾಯಿತು.

ತಿಮ್ಮಯ್ಯನ ಅರಮನೆಗೆ ಒಂದೇ ಕೊರತೆ. ಕರೆಂಟು ಹೋದರೆ ಮಿಷನ್ನೂ ದೀಪಗಳೂ ಒಟ್ಟಿಗೆ ಸಾಯುತ್ತಿದ್ದವು, ಜನರೇಟರ್ ಇಡಲು ಜಾಗವಿರಲಿಲ್ಲ. ಆರಡಿ ಅಗಲ, ಒಂಬತ್ತಡಿ ಉದ್ದದ ಒಂದು ಜಾಗ ಅವನ ಕಣ್ಣಿಗೆ ಬಿತ್ತು.

ಎರಡೂ ಕಟ್ಟಡಗಳ ಮಾಲೀಕ ದೇವೀರಪ್ಪ. ಕೆಟ್ಟವನಲ್ಲ, ಆದರೆ ದೊಡ್ಡ ಬಾಡಿಗೆದಾರನ ಮಾತು ಸಣ್ಣ ಬಾಡಿಗೆದಾರಳ ಮಾತಿಗಿಂತ ಅವನ ಕಿವಿಗೆ ಇಂಪಾಗಿ ಕೇಳುತ್ತಿತ್ತು. ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತ.

"ಹನುಮಕ್ಕ, ವ್ಯಾಪಾರ ಇಲ್ಲ ಅಂತ ಕೇಳ್ದೆ. ಸುಮ್ನೆ ಯಾಕೆ ಕುಂತಿರ್ತೀಯಾ? ತಿಮ್ಮಯ್ಯ ಜಾಗ ಕೇಳ್ತಾವ್ನೆ. ಎದ್ದುಬಿಡು."

"ಎದ್ದೋಗು ಅಂದ ತಕ್ಷಣ ಎದ್ದೋಗಾಕೆ ನಾನೇನ್ ನಿಮ್ಮ ಜಗಲಿ ಮೇಲೆ ಮಲಗಿರೋ ನಾಯಾ ದೇವೀರಪ್ಪೋರೇ? ಒಂದು ತಿಂಗಳು ಬಾಡಿಗೆ ತಪ್ಪಿಸಿದೀನಾ? ಹೇಳಿ."

"ತಪ್ಪಿಸಿಲ್ಲ ಕಣಮ್ಮ. ಆದ್ರೂ..." ದೇವೀರಪ್ಪ ತಲೆ ಕೆರೆದುಕೊಂಡು ನ್ಯಾಯ ಹೇಳಿದ. "ಯುಗಾದಿ ಹಿಂದಿನ ದಿನ ಸಂಜೆ ಬತ್ತೀನಿ. ನಿನ್ನ ಬಾಗಿಲಲ್ಲಿ ಜನ ಇದ್ರೆ ನೀನಿರು. ನೊಣ ಇದ್ರೆ ಬೀಗದ ಕೈ ಕೊಡು."

"ಜನಾನೇ ಇರ್ತಾರೆ. ನಿಮಗೆ ನಿಲ್ಲಾಕೆ ಜಾಗ ಇರಾಕಿಲ್ಲ, ನೋಡ್ತಿರಿ!"

ಬಾಯಿಂದ ಮಾತು ಬಂದಾಗಿತ್ತು. ಜನ ಮಾತ್ರ ಎಲ್ಲಿಂದ ಬರಬೇಕೆಂಬುದು ಗೊತ್ತಿರಲಿಲ್ಲ.

ಯುದ್ಧದ ಮೊದಲ ಹಂತದಲ್ಲಿ ನಮ್ಮ ನಾಯಕಿಗೆ ಸೋಲೇ ಆಯಿತೆಂದು ಒಪ್ಪಿಕೊಳ್ಳಬೇಕು. ಕರಪತ್ರ ಮಾಡಿಸಿ ಪೇಪರಿನೊಳಗೆ ಇಟ್ಟು ಹಂಚಿಸಿದಳು. ಮೂರನೇ ದಿನ ಅವೆಲ್ಲ ಕಡಲೆಕಾಯಿಯ ಪೊಟ್ಟಣಗಳಾಗಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಬಿದ್ದಿದ್ದವು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಸುಣ್ಣ ಬಳಿಸಿ ನೀಲಿ ಅಕ್ಷರದಲ್ಲಿ ಬರೆಸಿದಳು. ಮಾರನೇ ದಿನವೇ ಅದರ ಮೇಲೆ ಸಿನಿಮಾ ಪೋಸ್ಟರ್ ಬಿತ್ತು. ನೀಲಿ ಬಣ್ಣದಲ್ಲಿ ಉಳಿದದ್ದು 'ಹನು' ಎಂಬ ಎರಡಕ್ಷರ, ಅದಕ್ಕೆ ಯಾರೋ ಕುಂಕುಮ ಹಚ್ಚಿ ಹೂವಿಟ್ಟು ಹೋಗಿದ್ದರು.

"ಸಾಕು ಬಿಡೇ" ಎಂದ ಕಾಳಯ್ಯ. ಆತ ಇಡೀ ದಿನ ತಕ್ಕಡಿ ನೋಡಿ ನೋಡಿ ಯಾವ ಕಡೆ ಭಾರವೋ ಆ ಕಡೆ ವಾಲುವ ಸ್ವಭಾವದವನು. "ಅವ್ನು ದೊಡ್ಡೋನು. ನಾವು ಸಂತೇಲಿ ಪಾತ್ರೆ ಮಾರ್ಕೊಂಡಿರಾನ."

"ನೀವು ಕೊಬ್ಬರಿ ತೂಗಿ. ನನ್ನ ತೂಗಬ್ಯಾಡಿ" ಎಂದಳು ಹನುಮಕ್ಕ.

ದಾರಿ ತೋರಿಸಿದವಳು ಜಾವಗಲ್ಲಿನ ಸಣ್ಣತಾಯಮ್ಮ. ಒಂದು ದಿನ ಬಸ್ಸಿಳಿದವಳೇ ಅಂಗಡಿಗೆ ನುಗ್ಗಿ ಜಗಳಕ್ಕೆ ನಿಂತಳು. "ನೀನು ಹೆಸರು ಹೊಡ್ಕೊಟ್ಟ ಬೋಗುಣಿ ಮದುವೆ ಮನೇಲಿ ಹೋಯ್ತು ಕಣಕ್ಕ! 'ಸಣ್ಣತಾಯಮ್ಮ, ಜಾವಗಲ್' ಅಂತ ಹೊಡ್ದಿದ್ದೆ. ನಮ್ಮೂರಲ್ಲಿ ನನ್ನ ಬಿಟ್ಟು ಇನ್ನೂ ನಾಕು ಜನ ಸಣ್ಣತಾಯಮ್ಮ ಅವ್ರೆ. ನಾಕು ಜನಾನೂ ನಮ್ಮನೆಗೆ ಬಂದಿಲ್ಲ ಅಂತಾರೆ. ಎಲ್ಲಿ ಹುಡುಕ್ಲಿ?"

ಹನುಮಕ್ಕ ಉಳಿಯನ್ನು ಕೆಳಗಿಟ್ಟಳು. ಹೆಸರೊಂದೇ ಸಾಲದು, ಕಳೆದ ಪಾತ್ರೆ ಎಲ್ಲಿಗೆ ಬರಬೇಕೆಂಬುದನ್ನೂ ಪಾತ್ರೆಯೇ ಹೇಳಬೇಕು. ಬಚ್ಚಿಟ್ಟುಕೊಳ್ಳುವವರಿಗೆ ಒಂದು ಹೆದರಿಕೆಯೂ ಇರಬೇಕು. ಮೂವತ್ತು ವರ್ಷಗಳ ಹಿಂದಿನ ಕಲ್ಲು ಆಕೆಯ ಎದುರಿಗೆ ಎದ್ದು ನಿಂತಿತು. ಆಕೆ ಸಣ್ಣತಾಯಮ್ಮನಿಗೆ ಹೊಸ ಬೋಗುಣಿ ಕೊಟ್ಟು, ಪಕ್ಕಕ್ಕೆ ಹೆಸರು ಹೊಡೆದು, ಕವುಚಿ ಹಾಕಿ, ತಳದ ಅಂಚಿನ ಸುತ್ತ ಚಕ್ರದ ಹಾಗೆ ಕೆತ್ತಿದಳು: 'ಬಚ್ಚಿಟ್ಟವರ ಮನೆ ಹಾಲು ಒಡೆಯಲಿ. ಸಿಕ್ಕವರು ತಲುಪಿಸಿ, ಹನುಮಕ್ಕನ ಅಂಗಡಿ, ಸ್ಟೇಷನ್ ರಸ್ತೆ, ಅರಸೀಕೆರೆ.'

ಅಂದಿನಿಂದ ತನ್ನ ಕೈಗೆ ಬಂದ ಪ್ರತಿ ಪಾತ್ರೆಗೂ ಈ ಶಾಸನ. ಪಕ್ಕದ ಹೆಸರಿಗೆ ಅಕ್ಷರಕ್ಕೆ ನಾಲ್ಕಾಣೆ, ತಳದ ಸಾಲು ಪುಕ್ಕಟೆ.

"ದುಡ್ಡಿಲ್ದೆ ಇಷ್ಟುದ್ದ ಕೆತ್ತೀಯಲ್ಲೇ, ಕೈ ಬಿದ್ದೋಗುತ್ತೆ" ಎಂದ ಕಾಳಯ್ಯ.

"ಗೋಡೆ ಮೇಲೆ ಬರೆಸಿದ್ರೆ ಬಣ್ಣದೋನಿಗೆ ಕೊಡ್ಬೇಕು. ಪೇಪರಲ್ಲಿ ಹಾಕ್ಸಿದ್ರೆ ಪ್ರೆಸ್ಸಿನೋನಿಗೆ ಕೊಡ್ಬೇಕು. ಊರೋರ ಪಾತ್ರೆ ತಳಕ್ಕೆ ಯಾರಿಗಾದ್ರೂ ಬಾಡಿಗೆ ಕೊಡ್ಬೇಕಾ? ಕೈ ನಂದು, ಉಳಿ ನಮ್ಮಪ್ಪಂದು!"

ಇದರ ಮಹಿಮೆ ಗೊತ್ತಾಗಬೇಕಾದರೆ ನಮ್ಮವರು ನೀರು ಕುಡಿಯುವುದನ್ನು ನೋಡಬೇಕು. ನಾವು ಲೋಟಕ್ಕೆ ತುಟಿ ತಾಕಿಸುವವರಲ್ಲ. ತಲೆ ಹಿಂದಕ್ಕೆ ವಾಲಿಸಿ, ಲೋಟ ಎತ್ತಿ, ಗಟಗಟ ಸುರಿದುಕೊಳ್ಳುವವರು. ಆಗ ಎದುರಿಗೆ ಕೂತವರ ಕಣ್ಣಿಗೆ ಕಾಣುವುದು ಕುಡಿಯುವವನ ಮುಖವಲ್ಲ, ಲೋಟದ ತಳ. ನೆಂಟರ ಮನೆಯಲ್ಲಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ, ಬಾಯಾರಿದವರು ಲೋಟ ಎತ್ತಿದಾಗಲೆಲ್ಲ ಹನುಮಕ್ಕನ ಬೋರ್ಡು ಮೇಲೆದ್ದಿತು. ಓದು ಬಾರದವರು ಪಕ್ಕದವರನ್ನು ಕೇಳಿ ತಿಳಿದುಕೊಂಡರು, ಹಾಲಿನ ಶಾಪ ಕೇಳಿ ನಕ್ಕರು, ಮನೆಗೆ ಹೋಗಿ ತಮ್ಮ ಅಟ್ಟದ ಮೇಲಿನ ಪಾತ್ರೆಗಳನ್ನು ಗುಟ್ಟಾಗಿ ಕವುಚಿ ನೋಡಿದರು.

ಕಳೆದ ಪಾತ್ರೆಗಳೂ ಬರತೊಡಗಿದವು. ರೈಲು ಬದಲಿಸಲು ಅರಸೀಕೆರೆಯಲ್ಲಿ ಇಳಿದವನೊಬ್ಬ ಬೀರೂರಿನ ನೆಂಟರ ಮನೆ ಸೇರಿದ್ದ ಸೌಟು ತಂದುಕೊಟ್ಟ. ಹಳೇಬೀಡಿನಿಂದ ಒಂದು ಹಾಲಿನ ಕ್ಯಾನು ಬಸ್ ಕಂಡಕ್ಟರನ ಕೈಯಲ್ಲಿ ಬಂತು. ಹನುಮಕ್ಕ ಒಂದು ಹಲಗೆಯನ್ನು ಇವುಗಳಿಗೇ ಬಿಟ್ಟಳು. ತಂದುಕೊಟ್ಟವರು ಬರಿಗೈಯಲ್ಲಿ ಹೋಗಲು ನಾಚಿ ಒಂದು ಜಾಲರಿಯನ್ನೋ ಸೌಟನ್ನೋ ಕೊಂಡರು. ಕಳೆದುಕೊಂಡವರು ಪಾತ್ರೆ ಸಿಕ್ಕಿದ ಖುಷಿಗೆ ಇನ್ನೆರಡು ಕೊಂಡರು. ಆದರೂ ಇವರೆಲ್ಲ ಬೇರೆ ಬೇರೆ ದಿನ ಬರುವವರು. ದೇವೀರಪ್ಪ ಬರುವುದು ಒಂದೇ ಸಂಜೆ. ಆ ಸಂಜೆ ಬಾಗಿಲು ತುಂಬುವುದು ಹೇಗೆ?

ಆ ಉಪಕಾರವನ್ನು ಶತ್ರುವೇ ಮಾಡಿದ.

ಯುಗಾದಿಗೆ ಎಂಟು ದಿನ ಇದೆ ಎನ್ನುವಾಗ ತಿಮ್ಮಯ್ಯ ಆಟೋದ ಮೇಲೆ ಮೈಕು ಕಟ್ಟಿಸಿ ಊರಿಡೀ ಕೂಗಿಸಿದ. ಮನೆಗೆ ಎರಡು ಸ್ಟೀಲ್ ಲೋಟ ಪುಕ್ಕಟೆ! ಲೋಟದ ಮೇಲೆ ಚಕ್ರಾಧಿಪತಿಯ ಕಿರೀಟದ ಚಿತ್ರವಿದ್ದ ಸ್ಟಿಕ್ಕರು. ಸಾವಿರ ಮನೆಗಳಿಗೆ ಎರಡು ಸಾವಿರ ಲೋಟ ಹೋದವು. ಎಲ್ಲವೂ ಒಂದೇ ಅಳತೆ, ಒಂದೇ ಹೊಳಪು. ಹೆಂಗಸರು ತೆಂಗಿನ ನಾರಿಗೆ ಬೂದಿ ಹಚ್ಚಿಕೊಂಡು ಒಮ್ಮೆ ಉಜ್ಜಿದರು, ಕಿರೀಟ ಮೋರಿಗೆ ಹರಿದುಹೋಯಿತು.

ಉಳಿದದ್ದು ಹೆಸರಿಲ್ಲದ, ಒಂದರಂತೆ ಒಂದಿರುವ ಎರಡು ಸಾವಿರ ಲೋಟ! ತಿಮ್ಮಯ್ಯನಾಗಲೀ ಅವನ ಲೆಕ್ಕಿಗನಾಗಲೀ ಒಂದು ದಿನವೂ ಬೀದಿ ನಲ್ಲಿಯ ಕೆಳಗೆ ಪಾತ್ರೆ ತೊಳೆದವರಲ್ಲ. ಇದರ ಪರಿಣಾಮ ಅವರ ಊಹೆಗೆ ಬರಲಿಲ್ಲ. ಒಂದೇ ನಲ್ಲಿಗೆ ಹತ್ತು ಮನೆಗಳು ಸೇರುವ ವಠಾರಗಳಲ್ಲಿ ಯುದ್ಧ ಶುರುವಾಯಿತು. "ನಮ್ದು ಎರಡಿತ್ತು, ಒಂದಾಗೈತೆ. ನಿಮ್ಮ ಮನೇಲಿ ಮೂರು ಹೆಂಗಾಯ್ತು, ಮರಿ ಹಾಕ್ತಾ?" ಹಬ್ಬ ಹತ್ತಿರ, ಹಬ್ಬ ಮುಗಿದರೆ ಮದುವೆಗಳ ಕಾಲ. ಹೆಸರು ಹಾಕಿಸದೆ ಬೇರೆ ದಾರಿಯಿರಲಿಲ್ಲ.

ಜನ ಮೊದಲು ಹೋದದ್ದು ಪ್ಯಾಲೇಸಿಗೇ. ಮಿಷನ್ನಿನವನು ಮುಖ ಸಿಂಡರಿಸಿದ. "ಪುಕ್ಕಟೆ ಕೊಟ್ಟಿದ್ದಕ್ಕೆ ಹೆಸರು ಬೇರೆ ಹಾಕ್ಬೇಕಾ? ಐನೂರರ ಸಾಮಾನು ತಗೊಳ್ಳಿ, ಹಾಕ್ತೀನಿ."

ಪಕ್ಕದಲ್ಲೇ ಟಿಕ್ ಟಿಕ್ ಕೇಳುತ್ತಿತ್ತು.

ಯುಗಾದಿಯ ಹಿಂದಿನ ದಿನ ಹನುಮಕ್ಕ ಬಾಗಿಲು ತೆಗೆಯುವ ಮೊದಲೇ ಏಳು ಜನ ಕಾಯುತ್ತಿದ್ದರು. ಮಧ್ಯಾಹ್ನಕ್ಕೆ ಸಾಲು ಬೀಡಾ ಅಂಗಡಿ ದಾಟಿತು. ಬೀಡಾದವನು ವ್ಯಾಪಾರ ಕೆಡುತ್ತದೆಂದು ಕೂಗಾಡಿದಾಗ ಸಾಲು ಹಿಂದಕ್ಕೆ ಮಡಚಿಕೊಂಡು ಉತ್ತರಕ್ಕೆ ತಿರುಗಿತು, ಪ್ಯಾಲೇಸಿನ ಗಾಜಿನ ಬಾಗಿಲಿಗೆ ಅಡ್ಡಲಾಗಿ ನಿಂತಿತು. ನಾಲ್ಕು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಅರಮನೆ ಕತ್ತಲಾಯಿತು. ಜನರೇಟರ್ ಇಡಬೇಕಾದ ಜಾಗದಲ್ಲಿ ಹನುಮಕ್ಕ ಕೂತಿದ್ದಳು, ಬಾಗಿಲ ಬೆಳಕಿಗೆ ಮಣೆ ಎಳೆದುಕೊಂಡು, ಟಿಕ್ ಟಿಕ್ ಟಿಕ್.

ತಿಮ್ಮಯ್ಯ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. "ಏನಮ್ಮ ಇದು? ನನ್ನ ಲೋಟದ ಮೇಲೆ ನಿನ್ನ ಹೆಸರು ಹೊಡೀತಿದೀಯಾ?"

"ನಿಮ್ಮ ಹೆಸರು ಎಲ್ಲೈತೆ ತೋರ್ಸಿ ತಿಮ್ಮಯ್ಯೋರೇ, ಅದರ ಮೇಲೆ ಹೊಡೆಯಲ್ಲ."

ಅವನು ಒಂದು ಲೋಟ ಎತ್ತಿ ತಿರುಗಿಸಿ ಮುರುಗಿಸಿ ನೋಡಿದ. ಕಿರೀಟ ಎಲ್ಲೂ ಇರಲಿಲ್ಲ. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು "ಅದು ನಂದು, ಕೊಡಪ್ಪ" ಎಂದು ಕಿತ್ತುಕೊಂಡಳು.

ಸಂಜೆ ದೇವೀರಪ್ಪ ಬಂದ. ಬಾಗಿಲು ಕಾಣಲಿಲ್ಲ, ಬೆನ್ನುಗಳು ಕಂಡವು. ಸಂದಿಯಲ್ಲಿ ನುಗ್ಗಲು ನೋಡಿದಾಗ ಒಳಗಿನಿಂದ ದನಿ ಬಂತು. "ದೇವೀರಪ್ಪೋರೇ, ಸಾಲಲ್ಲಿ ಬನ್ನಿ! ನಿಲ್ಲಾಕೆ ಜಾಗ ಇಲ್ಲ ಅಂತ ನಾನು ಅವತ್ತೇ ಹೇಳಿದ್ದೆ."

ಹಿಂದಕ್ಕೆ ಹೋಗೋಣವೆಂದರೆ ಆಗುವಂತಿರಲಿಲ್ಲ. ಪಂಚೆಯ ಮಡಿಲಲ್ಲಿ ತಿಮ್ಮಯ್ಯ ಹಂಚಿದ ಎರಡು ಲೋಟಗಳಿದ್ದವು, ಹೆಂಡತಿ ಮುದ್ದಮ್ಮ ಹೆಸರು ಹೊಡೆಸಿಕೊಂಡೇ ಬರಬೇಕೆಂದು ಕಳಿಸಿದ್ದಳು. ತನ್ನದೇ ಕಟ್ಟಡದ ಮುಂದೆ, ತನ್ನದೇ ಬಾಡಿಗೆದಾರಳ ಸಾಲಿನಲ್ಲಿ, ಒಂದೂವರೆ ಗಂಟೆ ನಿಂತ. ಹನುಮಕ್ಕ ಪಕ್ಕಕ್ಕೆ 'ದೇವೀರಪ್ಪ ಮುದ್ದಮ್ಮ' ಎಂದು ಅಂದವಾಗಿ ಹೊಡೆದಳು. ತಳಕ್ಕೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು. ದೇವೀರಪ್ಪ ಕನ್ನಡಕ ತಂದಿರಲಿಲ್ಲ.

ಮಾರನೇ ದಿನ ಬೇವು ಬೆಲ್ಲ ತಿಂದು, ಹೋಳಿಗೆ ಉಂಡು, ಆತ ನೀರಿನ ಲೋಟ ಎತ್ತಿದ. ಎದುರಿಗೆ ಕೂತಿದ್ದ ಮುದ್ದಮ್ಮ ತಳವನ್ನು ಗಟ್ಟಿಯಾಗಿ ಓದಿದಳು. "ಹನುಮಕ್ಕನ ಅಂಗಡಿ ಎಬ್ಬಿಸಿದವರ ಮನೆ ಹಾಲು ಒಡೆಯಲಿ."

ನೀರು ನೆತ್ತಿಗೆ ಹತ್ತಿತು.

"ಏನ್ರೀ ಇದು? ಮೂರು ಎಮ್ಮೆ ಕರೆಯೋ ಮನೆ ನಮ್ದು. ಆ ತಿಮ್ಮಯ್ಯನ ಜನರೇಟರಿಗೆ ಜಾಗ ಕೊಡಾಕೆ ನಾವು ಹಾಲು ಒಡೆಸ್ಕೊಳ್ಳೋದಾ? ಸುಮ್ಕೆ ಬಿಟ್ಟುಬಿಡಿ."

ಹಬ್ಬ ಕಳೆದು ಎರಡು ದಿನಕ್ಕೆ ದೇವೀರಪ್ಪ ಅಂಗಡಿಗೆ ಬಂದ. ಬೀಗದ ಕೈ ಕೇಳಲಿಲ್ಲ. ಲೋಟವನ್ನು ಕೊರಡಿನ ಮೇಲಿಟ್ಟು ತಗ್ಗಿದ ದನಿಯಲ್ಲಿ ಹೇಳಿದ. "ನೀನು ಇರು ಕಣಮ್ಮ, ನಾನು ಮಾತಿಗೆ ತಪ್ಪೋನಲ್ಲ. ಆದ್ರೆ ದಿನಾ ಊಟಕ್ಕೆ ಕೂತಾಗ ಅವಳು ಇದನ್ನ ಓದ್ತಾಳೆ. ಇದೊಂದು ಸಾಲು ಅಳಿಸ್ಕೊಡು."

"ಹಳೇಬೀಡಿನೋಳು ನಾನು. ಕೆತ್ತೋದು ಕಲ್ಸಿದಾರೆ, ಅಳಿಸೋದು ಯಾರೂ ಕಲ್ಸಿಲ್ಲ" ಎಂದಳು ಹನುಮಕ್ಕ. "ಬೇಕಾದ್ರೆ ಹೊಸ ಲೋಟ ತಗೊಳ್ಳಿ ದೇವೀರಪ್ಪೋರೇ. ಅದರ ತಳಕ್ಕೂ ಇದನ್ನೇ ಹೊಡ್ಕೊಡ್ತೀನಿ, ಪುಕ್ಕಟೆ!"