ತೆಂಗಿನ ನಾರಿನ ಬ್ರಷ್ ಯಾರದು?

ಕೊರೋನಾ ಮುಗಿದ ಮರುವರ್ಷ. ನಾನು ಆಗ ತುಮಕೂರಿನ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ಮುಖ್ಯ ಡಿಸೈನರ್. ಇಪ್ಪತ್ತೆರಡು ವರ್ಷದ ಸರ್ವೀಸು. ಮದುವೆ ಪತ್ರಿಕೆಯಿಂದ ಊದುಬತ್ತಿ ಪೊಟ್ಟಣದವರೆಗೆ ನಾನು ಮಾಡದ ಕೆಲಸವಿರಲಿಲ್ಲ. ಅದರ ಜಂಬವೂ ತುಸು ಜಾಸ್ತಿಯೇ ಇತ್ತು.

ಗುಬ್ಬಿಯ ಜಯಮ್ಮನವರು ಬಂದದ್ದು ಆಗಲೇ. ಹದಿನಾಲ್ಕು ಹೆಂಗಸರು ಸೇರಿ ಗಾಣದ ಕೊಬ್ಬರಿ ಎಣ್ಣೆ ತೆಗೆಯುತ್ತಿದ್ದರು, ಜಯಮ್ಮ ಆ ಗುಂಪಿನ ಮುಂದಾಳು. ಪುಣೆಯ ಒಂದು ಅಂಗಡಿ ಸಂಸ್ಥೆ ಅವರನ್ನು ಎರಡು ಸಾವಿರ ಬಾಟಲಿ ಕೇಳಿತ್ತು. ಜಿಲ್ಲೆಯ ಹೊರಗಿನಿಂದ ಅವರಿಗೆ ಬಂದ ಮೊದಲ ಆರ್ಡರ್ ಅದು. ಬಾಟಲಿಗೆ ಒಂದು ಒಳ್ಳೆಯ ಲೇಬಲ್ ಬೇಕಿತ್ತು.

ನಾನು ಲೇಬಲ್ಲಿನ ತುಂಬ ತೆಂಗಿನ ನಾರು ಹರಡಿದಂತೆ ಬರೆದೆ. ಬರೆದೆ ಎಂದರೆ ಕೈಯಿಂದಲ್ಲ. ಕಂಪ್ಯೂಟರಿನಲ್ಲಿ ಡಿಜಿಟಲ್ ಬ್ರಷ್ ಎಂಬುದಿದೆ. ಯಾರೋ ಕಲಾವಿದರು ಮೊದಲೇ ತಯಾರಿಸಿಟ್ಟ ಅಚ್ಚು ಅದು. ನಾವು ಒಂದು ಗೆರೆ ಎಳೆದರೆ ಸಾಕು, ಅದು ನಾರಾಗಿಯೋ ಸೀಮೆಸುಣ್ಣವಾಗಿಯೋ ಮೂಡುತ್ತದೆ. ಇಂಥ ಬ್ರಷ್ ಎಲ್ಲಿಂದ ಬಂತೆಂದು ನಮ್ಮ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಬ್ಬರ ಪೆನ್‌ಡ್ರೈವ್‌ನಿಂದ ಇನ್ನೊಬ್ಬರಿಗೆ, ಫ್ಲೆಕ್ಸ್ ಅಂಗಡಿಯಿಂದ ಮುದ್ರಣಾಲಯಕ್ಕೆ, ನೆರೆಮನೆಯಿಂದ ಹೆಪ್ಪು ತಂದಂತೆ ತರುತ್ತಿದ್ದೆವು. ಕೊಡದವನನ್ನು ಜಿಪುಣ ಅನ್ನುತ್ತಿದ್ದೆವು.

ಕೇಳಿದವಳು ಒಬ್ಬಳೇ. ಹಿಂದೆ ಹೆಬ್ಬೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹಾಯಕಿ ಮಮತಾ. "ಸಾರ್, ಇದಕ್ಕೆ ಲೈಸೆನ್ಸ್ ಇದ್ಯಾ?" ಅಂದಿದ್ದಳು. "ಬ್ರಷ್ ಓಡ್ಸೋಕೂ ಲೈಸೆನ್ಸ್ ಬೇಕಾ, ಆರ್‌ಟಿಓ ಆಫೀಸಿಗೆ ಹೋಗ್ಬಾ" ಎಂದು ಎಲ್ಲರೆದುರು ನಗೆಯಾಡಿದ್ದೆ. ಅವಳು ಕೆಲಸ ಬಿಟ್ಟು ಕುಣಿಗಲ್ಲಿನಲ್ಲಿ ಸ್ವಂತ ಡಿಸೈನ್ ಅಂಗಡಿ ಹಾಕಿದಾಗಲೂ ನನಗೇನೂ ಅನ್ನಿಸಿರಲಿಲ್ಲ.

ಪುಣೆಯವರು ಆರ್ಡರಿನ ಜೊತೆ ಒಂದು ಫಾರಂ ಕಳಿಸಿದ್ದರು. ಲೇಬಲ್ಲಿನಲ್ಲಿ ಯಾವ ಅಕ್ಷರ, ಯಾವ ಬ್ರಷ್ ಬಳಸಿದೆ ಎಂದು ಪಟ್ಟಿ ಮಾಡಿ, ಎಲ್ಲಕ್ಕೂ ಅನುಮತಿ ಇದೆ ಎಂದು ಡಿಸೈನರ್ ಬರೆದುಕೊಡಬೇಕು. ಬ್ರಷ್ಷಿನ ಹೆಸರು ತುಂಬಿ, ಉಳಿದದ್ದನ್ನು ಓದದೆ ಸಹಿ ಹಾಕಿದೆ. ಲೇಬಲ್ ಅಚ್ಚಾಯಿತು, ಬಾಟಲಿಗಳಿಗೆ ಅಂಟಿತು. ಲಾರಿ ಹೊರಡಲು ನಾಲ್ಕು ದಿನ ಇರುವಾಗ ಅವರಿಂದ ಮೇಲ್ ಬಂತು: ಬ್ರಷ್ಷಿನ ಲೈಸೆನ್ಸ್ ಪ್ರತಿ ಕಳಿಸಿ.

ಹುಡುಕಲು ಕೂತೆ. ಅದೇ ಬ್ರಷ್ ಮೂರು ವೆಬ್‌ಸೈಟುಗಳಲ್ಲಿ ಸಿಕ್ಕಿತು. ಒಂದರಲ್ಲಿ ಪುಕ್ಕಟೆ, ಆದರೆ ಸ್ವಂತ ಬಳಕೆಗೆ ಮಾತ್ರ ಎಂದು ತಳದಲ್ಲಿ ಸಣ್ಣಕ್ಷರ. ಇನ್ನೊಂದರಲ್ಲಿ ಸಾವಿರ ಬ್ರಷ್ಷಿನ ಮೂಟೆಯೊಳಗೆ, ಮಾಡಿದವರ ಹೆಸರೇ ಇಲ್ಲ. ಮೂರನೆಯದು ದೊಡ್ಡ ಸೈಟು. ಚಂದಾ ಕಟ್ಟಿದರೆ ವ್ಯಾಪಾರದ ಬಳಕೆಗೆ ತಕ್ಷಣ ರಸೀದಿ.

"ಅದನ್ನೇ ತಗೊಂಡು ಕಳ್ಸಿ ಗಂಗಾಧರ್. ಪುಣೆಯವ್ರು ಬಂದು ಬ್ರಷ್ ಮುಟ್ ನೋಡ್ತಾರೇನ್ರೀ?" ಅಂದರು ಮುದ್ರಣಾಲಯದ ಮಾಲೀಕರು.

ರಸೀದಿಯಲ್ಲಿ ಇವತ್ತಿನ ತಾರೀಕು ಇರುತ್ತದೆ, ಲೇಬಲ್ ಅಚ್ಚಾದದ್ದು ಹೋದ ತಿಂಗಳು. ಕಳಿಸಿದರೆ ಸುಳ್ಳು, ಕಳಿಸದಿದ್ದರೆ ಆ ಹೆಂಗಸರ ಆರ್ಡರ್ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದೆ. ಅಷ್ಟರಲ್ಲಿ ಜಯಮ್ಮನ ಫೋನು: "ಸಾರ್, ಅದೇನೋ ಕಾಗ್ದ ಕೇಳವ್ರಂತೆ, ಕಳಿಸ್ಬುಟ್ರಾ? ಲಾರಿಗೆ ಹೇಳ್ಬುಟ್ಟಿದೀವಿ." "ಆಗುತ್ತಮ್ಮ" ಅಂದೆ. ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಎರಡು ದಿನ ಹೀಗೇ ತಳ್ಳಿದೆ.

ಮೂರನೆಯ ದಿನ ಬೆಳಿಗ್ಗೆ ಜಂಬ ಬಿಟ್ಟು ಕುಣಿಗಲ್ ಬಸ್ ಹತ್ತಿದೆ. ಮಮತಾ ಕುರ್ಚಿ ಕೊಟ್ಟಳು, ಟೀ ತರಿಸಿದಳು. ಹಳೆಯದನ್ನು ಎತ್ತಲೇ ಇಲ್ಲ. ಅದು ಇನ್ನೂ ಚುಚ್ಚಿತು. ಆ ಬ್ರಷ್ ತಯಾರಿಸಿದ ಕಲಾವಿದೆಯ ಸ್ವಂತ ಪುಟವನ್ನು ಹತ್ತೇ ನಿಮಿಷದಲ್ಲಿ ತೆರೆದು ತೋರಿಸಿದಳು. ನಾರನ್ನು ಶಾಯಿಯಲ್ಲಿ ಅದ್ದಿ ಕಾಗದಕ್ಕೆ ಒತ್ತಿದ ಫೋಟೋಗಳು, ಯಾರಿಗಾದರೂ ಅರ್ಥವಾಗುವ ಹಾಗೆ ಬರೆದ ಷರತ್ತು, ಕೆಳಗೆ ಮೇಲ್ ವಿಳಾಸ.

"ಸೈಟ್ ಎಷ್ಟ್ ದೊಡ್ಡದು ಅಂತ ನೋಡ್ಬಾರ್ದು ಸಾರ್. ಕೇಳಿದ್ರೆ ಉತ್ತರ ಕೊಡೋ ಮನುಷ್ಯರು ಅಲ್ಲಿದಾರಾ ಅಂತ ನೋಡ್ಬೇಕು."

ಅಲ್ಲಿಂದಲೇ ಆ ಕಲಾವಿದೆಗೆ ಮೇಲ್ ಬರೆದೆವು. ಸಂಜೆಯೊಳಗೆ ಉತ್ತರ ಬಂತು. ಆ ಮೂರೂ ಸೈಟುಗಳಿಗೆ ಆಕೆ ಬ್ರಷ್ ಕೊಟ್ಟೇ ಇರಲಿಲ್ಲ. ಇನ್ನು ಮುಂದಿನ ಬಳಕೆಗೆ ಲೈಸೆನ್ಸ್ ಕೊಡುತ್ತೇನೆ, ಆಗಲೇ ಅಚ್ಚಾದದ್ದಕ್ಕೆ ಅನುಮತಿ ಇತ್ತೆಂದು ಬರೆದುಕೊಡಲಾರೆ ಎಂದಿದ್ದರು. ಉಳಿದಿದ್ದ ಕಿಂಡಿಯೂ ಮುಚ್ಚಿತು.

ಮರುದಿನ ಗುಬ್ಬಿಗೆ ಹೋಗಿ ಹದಿನಾಲ್ಕು ಜನರ ಮುಂದೆ ನಿಂತು ಎಲ್ಲ ಹೇಳಿದೆ. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ ಎಂದೂ ಸೇರಿಸಿದೆ. ಅದನ್ನು ಸೇರಿಸಬಾರದಿತ್ತು.

"ನಾವು ಕೊಬ್ರಿ ಎಣ್ಣೆಗೆ ತಾಳೆ ಎಣ್ಣೆ ಬೆರಸಿದ್ರೆ ಕಲಬೆರಕೆ ಅಂತೀರಿ" ಅಂದರು ಜಯಮ್ಮ. "ನೀವ್ ಬೆರಸಿದ್ರೆ ಡಿಸೈನ್ ಅಂತೀರಾ?"

ಹೆಂಗಸರು ಎದ್ದರು. ಹಂಡೆಯಲ್ಲಿ ಬಿಸಿನೀರು ಕಾಯಿಸಿ ಲೇಬಲ್ ಬಿಡಿಸಲು ಕೂತರು. ನಾನೂ ಪ್ಯಾಂಟು ಮಡಿಸಿ ಜೊತೆಗೆ ಕೂತೆ, ಯಾರೂ ಬೇಡವೆನ್ನಲಿಲ್ಲ. ನಿಜ ಸಂಗತಿಯನ್ನು ಪುಣೆಗೆ ನಾನೇ ಬರೆದೆ. ಅವರು ಹತ್ತು ದಿನ ಕಾಯಲು ಒಪ್ಪಿದರು, ಆದರೆ ಆರ್ಡರನ್ನು ಅರ್ಧಕ್ಕಿಳಿಸಿದರು.

ಹೊಸ ಲೇಬಲನ್ನು ಮಮತಾಳೂ ನಾನೂ ಸೇರಿ ಮಾಡಿದೆವು. ಬ್ರಷ್ಷನ್ನು ಆ ಕಲಾವಿದೆಯಿಂದಲೇ ಕೊಂಡೆವು. ಬೇರೆಯವರ ಕೆಲಸ ಎಲ್ಲಿಂದ ತಂದೆ ಎಂದು ಅದನ್ನು ನಂಬಿ ಬದುಕುವವರ ಮುಂದೆ ಹೆಸರು ಹಿಡಿದು ಹೇಳಲಾಗದಿದ್ದರೆ ಅದನ್ನು ಮುಟ್ಟಬಾರದು. ಇಪ್ಪತ್ತೆರಡು ವರ್ಷ ಕಲಿಸದ ಈ ಪಾಠವನ್ನು ಕಲಿಯಲು ನನಗೆ ಆ ನಾಲ್ಕು ದಿನ ಬೇಕಾಯಿತು.

ಪುಣೆಯ ಫಾರಂ ಮತ್ತೆ ಬಂದಾಗ ಮೂವರೂ ಗುಬ್ಬಿಯಲ್ಲಿದ್ದೆವು. ನಾನು ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದೆ. ಜಯಮ್ಮ ಕಾಗದವನ್ನು ನನ್ನ ಮುಂದಿನಿಂದ ಎತ್ತಿ ಮಮತಾಳ ಮುಂದಿಟ್ಟರು.

"ನೀನ್ ಹಾಕವ್ವ ಸೈನು."