ಶರಾವತಿಗೆ ಬಿದ್ದ ಕೊಲಂಬೊ ಹಣ

ನಾನು ಈಗಲೂ ದೋಣಿ ಹತ್ತಿದರೆ ಮೊದಲು ನೋಡುವುದು ಅಕ್ಕಪಕ್ಕದವರ ಚೀಲಗಳನ್ನು. ಯಾರ ಚೀಲದಲ್ಲಾದರೂ ತೆಂಗಿನಕಾಯಿ ಕಂಡರೆ ಆಚೆ ಸರಿದು ಕೂರುತ್ತೇನೆ. ಇದು ಹುಚ್ಚು ಎಂದು ನನಗೂ ಗೊತ್ತು. ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಪಾಸು ಮಾಡಿದವಳು ನಾನು. ಆದರೆ ಹೊಳೆಯ ನಡುವೆ ತರ್ಕಕ್ಕೆ ಎಷ್ಟು ಬೆಲೆ ಎಂಬುದನ್ನು ಒಂದು ಬೆಳಿಗ್ಗೆ ಚೆನ್ನಾಗಿಯೇ ಕಲಿತುಕೊಂಡೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಗಂಡ ತೀರಿಕೊಂಡಂದಿನಿಂದ ಶಿರಾಲಿಯ ನಮ್ಮ ಮನೆಯಲ್ಲೇ ಇದ್ದಳು. ಅವರಿಬ್ಬರ ತಮ್ಮ, ನನ್ನ ಸೋದರಮಾವ, ಕೊಲಂಬೊದಲ್ಲಿ ಭಟ್ಕಳದ ಸಾಹೇಬರೊಬ್ಬರ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದ. ಅಕ್ಕನ ಕೈಖರ್ಚಿಗೆಂದು ತಿಂಗಳು ತಪ್ಪದೆ ಮನಿಆರ್ಡರು ಕಳುಹಿಸುತ್ತಿದ್ದ. ನಮ್ಮ ಕಡೆ ಕೊಲಂಬೊದಿಂದ ಹಣ ಬರುವುದೇನೂ ಹೊಸದಲ್ಲ. ಬಂದ ಹಣಕ್ಕೆ ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ಮುದುಕಿಯರಿಗೂ ಗೊತ್ತಿತ್ತು. ಇಲ್ಲಿಂದ ಅಲ್ಲಿಗೆ ಕಳುಹಿಸುವುದು ಹೇಗೆಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಸಲ ಮಾವನ ಕಾಗದದಲ್ಲಿ ಬೇರೆಯೇ ಸುದ್ದಿ ಇತ್ತು. ಬಂದರಿನ ಹತ್ತಿರ ಒಂದು ಚಹಾ ಫಳಾರದ ಅಂಗಡಿ ಮಾರಾಟಕ್ಕಿದೆ. ಅಂಗಡಿಯವನಿಗೆ ಮಾವನ ಮೇಲೆ ವಿಶ್ವಾಸ. ಆದರೆ ತಿಂಗಳ ಕೊನೆಯೊಳಗೆ ಪೂರಾ ಹಣ ಮಾವನ ಬ್ಯಾಂಕು ಖಾತೆಯಲ್ಲಿ ಇರಬೇಕು, ಪುಸ್ತಕ ಕಣ್ಣಾರೆ ನೋಡಿದ ಮೇಲೆಯೇ ಕೀಲಿಕೈ ಕೊಡುತ್ತಾನಂತೆ. ಮಾವನ ಹತ್ತಿರ ಅರ್ಧವೇ ಇದೆ. ‘ನಮ್ಮ ಹಣೆಯಲ್ಲಿ ಇಲ್ಲದ್ದಕ್ಕೆ ಆಸೆ ಪಡಬಾರದು’ ಎಂದು ಕಾಗದ ಮುಗಿಸಿದ್ದ. ಮೇಲ್ಗಡೆ ಬ್ಯಾಂಕಿನ ಹೆಸರು, ಖಾತೆಯ ಸಂಖ್ಯೆ ಎರಡನ್ನೂ ಬರೆದಿದ್ದ. ಆಸೆ ಬಿಟ್ಟವನು ಖಾತೆಯ ಸಂಖ್ಯೆ ಯಾಕೆ ಬರೆಯುತ್ತಾನೆ?

ನಾನು ಓದಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ ಒಳಗೆ ಹೋಗಿ ಅಕ್ಕಿಯ ಮಡಕೆಗೆ ಮೊಣಕೈವರೆಗೆ ಕೈ ಹಾಕಿ ಒಂದು ಗಂಟು ತೆಗೆದಳು. ಅವನು ಕಳುಹಿಸಿದ್ದರಲ್ಲೇ ವರ್ಷಗಟ್ಟಲೆ ಉಳಿಸಿದ್ದಳು; ಮಾವನಿಗೆ ಕಡಿಮೆ ಬಿದ್ದ ಅರ್ಧಕ್ಕೆ ಸರಿಯಾಗುವಷ್ಟಿತ್ತು. ಅಮ್ಮ ಬಾಯಿ ತೆರೆದು ನಿಂತಳು.

“ಸೀರೆ ತಗಳ್ಳೂಕೆ ದುಡ್ಡಿಲ್ಲ ಅಂತ ನನ್ನ ಸೀರೆನೇ ಉಟ್ಕಂಡು ತಿರಗ್ತಿದ್ಯಲ್ಲೇ ಅಕ್ಕಾ!”

“ನಿನ್ನ ಸೀರೆ ಚೊಲೋ ಇದ್ವು” ಎಂದಳು ದೊಡ್ಡಮ್ಮ. “ಇದು ಅವನ ದುಡ್ಡೇ. ಅವನಿಗೇ ಹೋಗ್ಲಿ.”

ಭಟ್ಕಳದಲ್ಲಿ ಸಾಹೇಬರ ಮನೆಯಲ್ಲಿ ಕೊಟ್ಟಿದ್ದರೆ ಕೊಲಂಬೊದ ಅವರ ಅಂಗಡಿಯಲ್ಲಿ ಮಾವನ ಕೈಗೆ ಕೊಟ್ಟುಬಿಡುತ್ತಿದ್ದರು. ಆದರೆ ಅವರ ಕೆಲಸ ಬಿಡುವ ವಿಷಯವನ್ನು ಮಾವ ಇನ್ನೂ ಅವರಿಗೆ ತಿಳಿಸಿರಲಿಲ್ಲ. ಅವರಿಗೆ ಗೊತ್ತಾಗದಂತೆ ಅವರ ಕೈಯಿಂದಲೇ ಹಣ ದಾಟಿಸುವುದು ಮರ್ಯಾದೆಯಲ್ಲ ಎಂದು ಅಪ್ಪ ಹೇಳಿದರು. ಉಳಿದದ್ದು ಕುಮಟೆಯ ಬ್ಯಾಂಕು. ಅಲ್ಲಿ ಕೊಟ್ಟರೆ ಮುಂಬಯಿಗೆ ತಿಳಿಸುತ್ತಾರೆ, ಮುಂಬಯಿಯವರು ಕೊಲಂಬೊಗೆ ತಂತಿ ಹೊಡೆಯುತ್ತಾರೆ ಎಂದು ಯಾರೋ ಹೇಳಿದ್ದರು. ತಿಂಗಳು ಮುಗಿಯಲು ಉಳಿದಿದ್ದದ್ದು ನಾಲ್ಕೇ ದಿನ. ಅಪ್ಪನಿಗೆ ಚಳಿಜ್ವರ. ಇಂಗ್ಲಿಷ್ ಫಾರ್ಮು ತುಂಬಲು ನಾನು, ಹಣ ಕಾಯಲು ದೊಡ್ಡಮ್ಮ ಎಂದು ತೀರ್ಮಾನವಾಯಿತು.

ಕುಮಟೆ ಪೇಟೆಯಲ್ಲಿ ಸೊಂಟಕ್ಕೆ ಕಟ್ಟಿದ ಗಂಟನ್ನೂ ಗೊತ್ತಾಗದಂತೆ ಕತ್ತರಿಸುತ್ತಾರೆ ಎಂಬ ಸುದ್ದಿ ಆಗ ಊರೆಲ್ಲ ಹಬ್ಬಿತ್ತು. ಹೊರಡುವ ಹಿಂದಿನ ಸಂಜೆ ದೊಡ್ಡಮ್ಮ ಹಿತ್ತಿಲಲ್ಲಿ ಕೂತು ಏನೋ ಮಾಡುತ್ತಿದ್ದಳು. ಹೋಗಿ ನೋಡಿದರೆ ಒಂದು ಒಣ ಕಾಯಿಯನ್ನು ಗರಗಸದಲ್ಲಿ ಕೊಯ್ದು, ಒಳಗಿನ ಕೊಬ್ಬರಿ ತೆಗೆದು, ಎಣ್ಣೆಬಟ್ಟೆಯಲ್ಲಿ ಸುತ್ತಿದ ನೋಟುಗಳನ್ನು ತುಂಬಿ, ಎರಡು ಹೋಳನ್ನೂ ಹಲಸಿನ ಮೇಣದಿಂದ ಕೂಡಿಸುತ್ತಿದ್ದಾಳೆ. ಕೂಡಿಸಿದ ಗೆರೆಯ ಮೇಲೆ ನಾರು ಅಂಟಿಸಿದಳು. ನೆತ್ತಿಯಲ್ಲಿ ಒಳ್ಳೆಯ ಜುಟ್ಟು ಹಾಗೇ ಇತ್ತು.

“ಇದೆಂತ ದೊಡ್ಡಮ್ಮಾ?”

“ಬ್ಯಾಂಕು.”

“ಜುಟ್ಟು ಎಂತಕ್ಕೆ ಬಿಟ್ಟೆ?”

“ಜುಟ್ಟಿದ್ರೆ ದೇವ್ರ ಕಾಯಿ ಅಂತ ಕಳ್ಳನೂ ಮುಟ್ಟೂದಿಲ್ಲ. ನಿಮ್ಮ ಕಾಲೇಜಲ್ಲಿ ಇದನ್ನೆಲ್ಲ ಹೇಳಿಕೊಡೂದಿಲ್ವಾ?”

ಜತೆಗೆ ಜುಟ್ಟಿಲ್ಲದ ಎರಡು ಬರೀ ಕಾಯಿಗಳನ್ನೂ ಚೀಲಕ್ಕೆ ಹಾಕಿದಳು. ಅನುಮಾನ ಬರಬಾರದಲ್ಲ.

ಬೆಳಿಗ್ಗೆ ಬಸ್ಸು ಮಂಕಿ ದಾಟಿ, ಹೊಳೆಯ ಈಚೆ ದಡದ ಕಾಸರಕೋಡಿನಲ್ಲಿ ನಮ್ಮನ್ನು ಇಳಿಸಿತು. ಶರಾವತಿಗೆ ಆಗ ಸೇತುವೆ ಇರಲಿಲ್ಲ. ದೋಣಿಯಲ್ಲಿ ಹೊನ್ನಾವರಕ್ಕೆ ದಾಟಿ, ಅಲ್ಲಿ ಕುಮಟೆಯ ಬಸ್ಸು ಹಿಡಿಯಬೇಕು. ಚೌತಿ ಮುಗಿದ ವಾರ. ಘಟ್ಟದ ಮೇಲೆ ಮಳೆ ಹೊಯ್ದು ಹೊಳೆ ಕೆಂಪಾಗಿ ತುಂಬಿತ್ತು. ಸಮುದ್ರ ಇಳಿತದಲ್ಲಿತ್ತು. ನೀರೆಲ್ಲ ಅಳಿವೆಯ ಕಡೆಗೆ, ಹೊಳೆ ಸಮುದ್ರ ಸೇರುವ ಬಾಯಿಗೆ, ಓಡುತ್ತಿತ್ತು. ದೋಣಿಯಲ್ಲಿ ಹತ್ತು ಹನ್ನೆರಡು ಜನ. ನಮ್ಮ ಎದುರಿಗೆ ಒಬ್ಬ ಮೀನು ಮಾರುವ ಹೆಂಗಸು, ತುಂಬಿದ ಬುಟ್ಟಿಯನ್ನು ಕಾಲಸಂದಿಯಲ್ಲಿಟ್ಟುಕೊಂಡು, ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ನಡುನೀರಿಗೆ ಬಂದಾಗ ಪಡುವಣದಿಂದ ಗಾಳಿ ಬೀಸಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ನನ್ನ ಪಕ್ಕದ ಅಂಚಿನ ಮೇಲೆ ನೀರು ಹತ್ತಿ ಒಳಗೆ ಬಂತು. ಅದು ತಣ್ಣಗಿರಲಿಲ್ಲ, ಬೆಚ್ಚಗಿತ್ತು. ಅದೇ ನನಗೆ ಇಂದಿಗೂ ನೆನಪಾಗುವುದು. “ಕೂತ್ಕಳಿ! ಯಾರೂ ಏಳ್ಬ್ಯಾಡಿ!” ಎಂದು ದೋಣಿಯವ ಕೂಗಿದ. ದೋಣಿ ಆಚೆ ಮಗ್ಗುಲಿಗೆ ವಾಲಿತು.

“ಗಂಗೆಗೆ ಕಾಯಿ ಕೊಡಿ! ಕಾಯಿ ಯಾರ ಹತ್ರ ಅದೆ?” ಎಂದು ಮೀನಿನವಳು ಅರಚಿದಳು. ಉತ್ತರಕ್ಕೆ ಕಾಯಲಿಲ್ಲ. ದೊಡ್ಡಮ್ಮನ ಚೀಲಕ್ಕೆ ಕೈ ಹಾಕಿದಳು. ಮೊದಲು ಸಿಕ್ಕಿದ್ದು ಬರೀ ಕಾಯಿ. “ಜುಟ್ಟಿಲ್ಲದ್ದು ದೇವ್ರಿಗೆ ಆಗ್ತದಾ?” ಎಂದು ಅದನ್ನು ಬಿಟ್ಟಳು. ಜುಟ್ಟಿನದನ್ನು ಹಿಡಿದು, ಹಣೆಗೆ ಮುಟ್ಟಿಸಿ, “ತಾಯೀ, ಮಕ್ಳನ್ನ ದಾಟ್ಸು” ಎಂದು ಹೊಳೆಗೆ ಎಸೆದಳು.

ಗಾಳಿ ನಿಂತಿತು. ನಿಜವಾಗಿಯೂ ನಿಂತಿತು. ತರ್ಕಶಾಸ್ತ್ರ ಓದಿದವಳು ಹೇಳುತ್ತಿದ್ದೇನೆ.

“ಕಂಡ್ರಾ?” ಎಂದಳು ಮೀನಿನವಳು, ಎಲ್ಲರ ಕಡೆ ತಿರುಗಿ.

“ನನ್ನ ಕಾಯಿ!” ಎಂದು ದೊಡ್ಡಮ್ಮ ಎದ್ದು ನಿಂತಳು. ದೋಣಿ ಮತ್ತೆ ವಾಲಿತು. ನಾನು ಅವಳ ಸೆರಗು ಹಿಡಿದು ಎಳೆದು ಕೂರಿಸಿದೆ. “ದೋಣಿ ತಿರಗ್ಸು ತಮ್ಮಾ, ನನ್ನ ಕಾಯಿ ಹೋಗ್ತಾ ಅದೆ!”

“ಅಮ್ಮಾ, ಗಂಗೆಗೆ ಕೊಟ್ಟದ್ದನ್ನ ವಾಪಸ್ ಕೇಳೂಕೆ ಆಗ್ತದಾ?” ಎಂದ ದೋಣಿಯವ.

“ನಾ ಕೊಡ್ಲಿಲ್ಲ! ಇವ್ಳು ಕೊಟ್ಟದ್ದು!”

“ಎಂತ ಜಿಪುಣಿ ಮಾರಾಯ್ರೆ!” ಎಂದಳು ಮೀನಿನವಳು. “ಇಷ್ಟು ಜನರ ಜೀವಕ್ಕೆ ಒಂದು ಕಾಯಿ ಹೆಚ್ಚಾ? ಹೊನ್ನಾವರದಲ್ಲಿ ನಾ ಎರಡು ತೆಗ್ದು ಕೊಡ್ತೆ, ಬಾಯಿ ಮುಚ್ಕಂಡು ಕೂತ್ಕಳಿ.”

ಎಲ್ಲರೂ ನಕ್ಕರು. ಕಾಯಿ ಮುಳುಗಿರಲಿಲ್ಲ. ಜುಟ್ಟು ಮೇಲೆ ಮಾಡಿಕೊಂಡು, ಯಾರೋ ತಲೆ ಎತ್ತಿ ಈಜುವ ಹಾಗೆ, ಅಳಿವೆಯ ಕಡೆಗೆ ಹೋಗುತ್ತಿತ್ತು. ದೊಡ್ಡಮ್ಮ ನನ್ನ ತೊಡೆ ಚಿವುಟಿದಳು. ನೀನು ಬಾಯಿ ಬಿಡಬೇಡ ಎಂದು ಅರ್ಥ. ನಾನು ಬಿಡಲಿಲ್ಲ. ಒಳಗೆ ಹಣವಿದೆ ಎಂದರೆ ಈ ಅಪರಿಚಿತರ ನಡುವೆ ನಾವು ಜತೆಗೆ ಗಂಡಸಿಲ್ಲದ ಇಬ್ಬರು ಹೆಂಗಸರು. ಹೇಳದಿದ್ದರೆ ಮಾವನ ಅಂಗಡಿ ಅರಬ್ಬೀ ಸಮುದ್ರಕ್ಕೆ. ಕಾಯಿ ಎರಡು ದೋಣಿಯುದ್ದ ದೂರವಾಯಿತು. ಮೂರು ದೋಣಿಯುದ್ದ.

ದೊಡ್ಡಮ್ಮ ತಡೆಯಲಾರದೆ ಹೇಳಿಬಿಟ್ಟಳು:

“ಅದ್ರೊಳಗೆ ನನ್ನ ತಮ್ಮನ ಅಂಗಡಿ ಅದೆ!”

ಯಾರಿಗೂ ಅರ್ಥವಾಗಲಿಲ್ಲ. ಆಗ ನಾನು ಎಲ್ಲವನ್ನೂ ಹೇಳಿದೆ: ಕೊಲಂಬೊ, ಬ್ಯಾಂಕು, ತಿಂಗಳ ಕೊನೆ, ಹಲಸಿನ ಮೇಣ. ಪರೀಕ್ಷೆಯಲ್ಲೂ ನಾನು ಅಷ್ಟು ಬೇಗ ಉತ್ತರ ಹೇಳಿದವಳಲ್ಲ.

“ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಮ್ಗೆ!” ಎಂದು ಮೀನಿನವಳು ತಲೆಯ ಮೇಲೆ ಕೈಯಿಟ್ಟುಕೊಂಡಳು. “ತಿರಗ್ಸೋ ದೋಣಿ!”

“ಕೊಟ್ಟದ್ದನ್ನ...” ಎಂದು ದೋಣಿಯವ ತೊದಲಿದ.

“ಬದಲಿ ಕೊಡ್ವ. ಒಂದಕ್ಕೆ ಎರಡು. ತಾಯಿಗೆ ಎಂತ ನಷ್ಟ?” ಎಂದವಳೇ ಉಳಿದ ಎರಡು ಕಾಯಿಗಳನ್ನೂ ಹೊಳೆಗೆ ಎಸೆದಳು. ಜುಟ್ಟಿಲ್ಲದ್ದು ಆಗುವುದಿಲ್ಲ ಎಂದು ಅವಳೇ ಹೇಳಿದ್ದನ್ನು ಆ ಹೊತ್ತಿನಲ್ಲಿ ಯಾರೂ ನೆನಪಿಸಲಿಲ್ಲ.

ದೋಣಿ ತಿರುಗಿತು. ಹರಿವಿನ ಜತೆಗೇ ಹೋಗುವುದಾದ್ದರಿಂದ ಅದು ಓಡತೊಡಗಿತು. ಮುಂದೆ ಅಳಿವೆಯಲ್ಲಿ ಬಿಳಿ ತೆರೆಗಳು ಗೋಡೆಯಂತೆ ಎದ್ದು ಒಡೆಯುತ್ತಿದ್ದವು. ಅಲ್ಲಿಂದ ಬರುವ ಸದ್ದಿಗೆ ದೋಣಿಯ ಹಲಗೆ ನಡುಗುವುದು ನನ್ನ ಅಂಗಾಲಿಗೆ ತಿಳಿಯುತ್ತಿತ್ತು. “ಆ ಮರಳುದಿಬ್ಬದವರೆಗೆ ಮಾತ್ರ” ಎಂದ ದೋಣಿಯವ. “ಅದರಾಚೆ ನನ್ನ ಕೈಲಿಲ್ಲ. ಮಸ್ಕತ್ತಿಗೇ ಹೋಗೂದು.”

ಮೀನಿನವಳು ಬುಟ್ಟಿಯ ಮೀನನ್ನೆಲ್ಲ ನಮ್ಮ ಕಾಲ ಮೇಲೆ ಸುರಿದಳು. ಬರಿದಾದ ಬುಟ್ಟಿ ಹಿಡಿದು ಅಂಚಿನಿಂದ ಆಚೆಗೆ ಬಗ್ಗಿದಳು. “ತಂಗೀ, ನನ್ನ ಸೊಂಟ ಹಿಡಿ! ನೋಡ್ತಾ ಕೂತ್ಕಳ್ಳಬ್ಯಾಡ!” ಎಂದಳು. ನಾನು ಅವಳ ಸೊಂಟ ಹಿಡಿದೆ. ದೊಡ್ಡಮ್ಮ ಹಿಂದಿನಿಂದ ನನ್ನನ್ನು ಅಪ್ಪಿ ಹಿಡಿದಳು. ಮೊದಲ ಸಲ ಬುಟ್ಟಿಯ ಅಂಚು ತಗಲಿ ಕಾಯಿ ನೀರಿನಡಿ ಹೋಗಿ, ಆಚೆ ಎದ್ದಿತು. ಎರಡನೆಯ ಸಲ ಅವಳು ಇನ್ನೂ ಮುಂದೆ ಬಗ್ಗಿದಾಗ ನನ್ನ ಒದ್ದೆ ಕೈ ಜಾರಿತು. ಎರಡು ಬೆರಳು ಅವಳ ಸೀರೆಯ ಗಂಟಿಗೆ ಸಿಕ್ಕಿಕೊಂಡದ್ದರಿಂದ ಅವಳು ಬೀಳಲಿಲ್ಲ. ಆ ಎರಡು ಬೆರಳನ್ನು ನಾನು ಈಗಲೂ ಒಮ್ಮೊಮ್ಮೆ ನೋಡಿಕೊಳ್ಳುತ್ತೇನೆ. ಗಂಟು ಬಿಚ್ಚಿದ್ದರೆ? ಕೆಳಗಿನ ಕೆಂಪು ನೀರು, ಮುಂದಿನ ಬಿಳಿ ನೀರು, ಅವಳ ಬೆನ್ನಿನ ಮೇಲಿದ್ದ ಮೀನಿನ ಹುರುಪೆ, ಎಲ್ಲ ಹಾಗೇ ಕಣ್ಣಿಗೆ ಕಟ್ಟುತ್ತವೆ. ಎಷ್ಟೋ ಸಲ ಅಲ್ಲಿಗೇ ನಿಂತುಬಿಡುತ್ತವೆ.

ಮೂರನೆಯ ಸಲ ಕಾಯಿ ಬುಟ್ಟಿಯೊಳಗೆ ಬಂತು.

ಹರಿವಿನ ಎದುರು ಹುಟ್ಟು ಹಾಕಿ ಹೊನ್ನಾವರದ ದಡ ಸೇರುವಷ್ಟರಲ್ಲಿ ಗಂಡಸರೆಲ್ಲರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ದೊಡ್ಡಮ್ಮ ಇಳಿಯುವ ಮೊದಲು ದೋಣಿಯಲ್ಲಿ ಚೆಲ್ಲಿದ್ದ ಮೀನನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ತುಂಬಿಕೊಟ್ಟಳು. ಮೀನಿನವಳು, “ಮುಂದಿನ ಸಲ ಹಣ ಕುಂಬಳಕಾಯಲ್ಲಿ ಇಡಿ ಅಮ್ಮಾ, ಅದನ್ನ ನಾವು ಗಂಗೆಗೆ ಕೊಡೂದಿಲ್ಲ” ಎಂದು ಹೇಳಿ ಪೇಟೆಗೆ ಹೋದಳು.

ಕುಮಟೆಯ ಬ್ಯಾಂಕು ಮುಚ್ಚುವ ಹೊತ್ತಿಗೆ ನಾವು ಒಳಗೆ ಕಾಲಿಟ್ಟೆವು. ಮಂಡಿಯವರೆಗೆ ಒದ್ದೆ, ಮೈಯೆಲ್ಲ ಮೀನಿನ ವಾಸನೆ. ದೊಡ್ಡಮ್ಮ ಜುಟ್ಟಿನ ಕಾಯಿಯನ್ನು ಗುಮಾಸ್ತರ ಮುಂದೆ ಇಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ದೇವಸ್ಥಾನ ಆಚೆ ಬೀದಿಯಲ್ಲಿ ಅಮ್ಮಾ.”

“ನಂಗೆ ಗೊತ್ತು. ಒಂದು ಕತ್ತಿ ಕೊಡಿ.”

ಗುಮಾಸ್ತರ ಕುರ್ಚಿ ಒಂದು ಗೇಣು ಹಿಂದೆ ಹೋಯಿತು. ಅವರಿಗೆ ವಿಷಯ ಬಿಡಿಸಿ ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಜವಾನ ಮೆಟ್ಟಿಲ ಮೇಲೆ ಕಾಯಿ ಒಡೆದ. ಹಲಸಿನ ಮೇಣ ಒಂದು ಹನಿ ನೀರನ್ನೂ ಒಳಗೆ ಬಿಟ್ಟಿರಲಿಲ್ಲ. ನೋಟುಗಳು ಕೊಬ್ಬರಿಯ ಪರಿಮಳ ಬೀರುತ್ತ ಹೊರಬಂದವು. ನಾನು ಫಾರ್ಮು ತುಂಬಿದೆ. ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ಬಿಟ್ಟಿದ್ದೆ, ಗುಮಾಸ್ತರೇ ಅದನ್ನು ಇನ್ನೊಮ್ಮೆ ಬರೆಯಬೇಕಾಯಿತು. ದೊಡ್ಡಮ್ಮ ಅದನ್ನು ಅವರಿಂದ ಎರಡು ಸಲ ಓದಿಸಿದಳು.

“ಯಾವಾಗ ಮುಟ್ತದೆ?”

“ನಾಳೆ, ತಪ್ಪಿದರೆ ನಾಡಿದ್ದು. ಮುಂಬಯಿಯವರು ತಂತಿ ಕೊಡಬೇಕಲ್ಲ.”

“ಹಂಗಾರೆ ಅವ್ರಿಗೆ ಹೇಳಿ. ಈ ದುಡ್ಡು ಹೊಳೆ ಬಿದ್ದು ಎದ್ದು ಬಂದದ್ದು, ಇನ್ನು ತಡ ಮಾಡ್ಬ್ಯಾಡಿ ಅಂತ.”

ಸಂಜೆ ವಾಪಸು ದಾಟುವಾಗ ಹೊಳೆ ಕನ್ನಡಿಯಂತಿತ್ತು. ಆದರೂ ನಾನು ಕಣ್ಣು ಮುಚ್ಚಿಯೇ ಕೂತಿದ್ದೆ. ದೊಡ್ಡಮ್ಮ ಎಲೆಯಡಿಕೆಯ ಕವಳ ಹಾಕಿಕೊಂಡು, ದೋಣಿಯಲ್ಲಿದ್ದವರಿಗೆಲ್ಲ ಬೆಳಗಿನ ಕಥೆಯನ್ನು ಕೈ ಬೀಸಿ ಬೀಸಿ ಹೇಳಿ ನಗಿಸುತ್ತಿದ್ದಳು. ಇವಳಿಗೆ ಹೆದರಿಕೆಯೆಂಬುದೇ ಇಲ್ಲ ಎಂದುಕೊಂಡೆ.

ತಿಂಗಳ ಕೊನೆಯ ದಿನ ಮಾವನ ತಂತಿ ಬಂತು: ಹಣ ಮುಟ್ಟಿತು, ಅಂಗಡಿ ಸಿಕ್ಕಿತು. ಅಮ್ಮ ಪಾಯಸ ಮಾಡಿದಳು. ಎರಡು ತಿಂಗಳ ಮೇಲೆ ಕಾಗದವೂ ಬಂತು. ವ್ಯಾಪಾರ ಚೆನ್ನಾಗಿದೆ, ಬಂದರಿನ ಕೂಲಿಗಳು ಅವನ ಬನ್ಸಿಗೆ ಸಾಲು ನಿಲ್ಲುತ್ತಾರೆ. ಅಕ್ಕನ ಋಣವನ್ನು ತಿಂಗಳು ತಿಂಗಳು ತೀರಿಸುತ್ತಾನೆ. ಈಗ ಅವನಿಗೂ ಬ್ಯಾಂಕಿನ ದಾರಿ ಗೊತ್ತು, ಆದ್ದರಿಂದ ಅಕ್ಕನ ಹೆಸರಲ್ಲಿ ಕುಮಟೆಯಲ್ಲೊಂದು ಖಾತೆ ತೆರೆದರೆ ಅಲ್ಲಿಗೇ ಕಳುಹಿಸುತ್ತಾನೆ. ಬಡ್ಡಿಯೂ ಬರುತ್ತದೆ.

“ಬರಿ” ಎಂದಳು ದೊಡ್ಡಮ್ಮ. “ಬ್ಯಾಂಕು ಎಂತದೂ ಬ್ಯಾಡ. ಮೊದ್ಲಿನ ಹಾಂಗೆ ಮನಿಆರ್ಡರೇ ಕಳ್ಸು. ಪೋಸ್ಟಿನವ ಬಾಗ್ಲಿಗೆ ತಂದು ಕೊಡ್ತ.”

“ಬಡ್ಡಿ ಬತ್ತದಲ್ಲ ದೊಡ್ಡಮ್ಮಾ.”

ಅವಳು ಬಾಗಿಲ ಕಡೆ ನೋಡಿದಳು. ಅಮ್ಮ ಒಳಗಿದ್ದಾಳೆ ಎಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದಳು.

“ಆ ಹೊಳೆ ಇನ್ನೊಂದ್ಸಲ ನನ್ನ ಕೈಲಿ ಆಗೂದಿಲ್ಲ ಮಗಾ. ಅವತ್ತು ನಿನ್ನ ಅಪ್ಪಿ ಹಿಡ್ದದ್ದು ನೀ ಬೀಳ್ಬಾರ್ದು ಅಂತ ಅಂದ್ಕಂಡ್ಯಾ? ನಂಗೆ ಹಿಡ್ಕಳ್ಳೂಕೆ ಬೇರೆ ಎಂತದೂ ಇರ್ಲಿಲ್ಲ. ಈಗಲೂ ಕಣ್ಣು ಮುಚ್ಚಿರೆ ಅದೇ ನೀರು.” ನನ್ನ ಕೈಯ ಕಾಗದದತ್ತ ಬೆರಳು ತೋರಿಸಿ, “ಅದನ್ನೆಲ್ಲ ಬರೀಬ್ಯಾಡ ಮತ್ತೆ” ಎಂದಳು.

ಬರೆಯಲಿಲ್ಲ. ಕುಮಟೆಯ ಬಸ್ಸು ಇತ್ತೀಚೆಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಬರೆದೆ.